350 ರೂಪಾಯಿಯ ಸ್ಟೇರಿಂಗ್ ನಾಬ್, ಎರಡು ಗಾಡಿ, ಒಂದು ಹೆಬ್ಬೆರಳು

ಸ್ಟೇರಿಂಗಿಗೆ ಕಚ್ಚಿಸಿ, ಮುಷ್ಟಿಯಲ್ಲಿ ಹಿಡಿದು ತಿರುಗಿಸುವ ಉರುಟು ನಾಬ್ ಉಂಟಲ್ಲ, ಅದನ್ನು ನಾನು ಮೊದಲು ನೋಡಿದ್ದು ಮಂಗಳೂರು ಬೈಕಂಪಾಡಿಯ ಒಂದು ಗೋದಾಮಿನ ಫೋರ್ಕ್‌ಲಿಫ್ಟಿನಲ್ಲಿ. ಹುಡುಗ ಎಡಗೈಯಲ್ಲಿ ನಾಬ್ ಹಿಡಿದು ಗರಗರ ತಿರುಗಿಸುತ್ತಿದ್ದ, ಬಲಗೈಯಲ್ಲಿ ಲಿವರ್ ಎಳೆಯುತ್ತಿದ್ದ. ಗಾಡಿ ನಿಂತಲ್ಲೇ ಬುಗುರಿಯ ಹಾಗೆ ತಿರುಗುತ್ತಿತ್ತು. ನೋಡಿ ಆಸೆಯಾಯಿತು. ಪಡೀಲಿನ ಕಡೆ ಒಂದು ಅಂಗಡಿಯಲ್ಲಿ 350ಕ್ಕೆ ಒಂದರಂತೆ ಎರಡು ತಂದೆ. ಒಂದು ಹದಿನಾಲ್ಕು ಅಡಿಯ ಐಷರ್ ಲಾರಿಗೆ, ಇನ್ನೊಂದು ಹಳೇ ಟಾಟಾ 407 ಲಾರಿಗೆ. ಐಷರಿಗೆ ಪವರ್ ಸ್ಟೇರಿಂಗ್ ಉಂಟು, 407ಕ್ಕೆ ಇಲ್ಲ. ಅದನ್ನು ಅಂಗಡಿಯವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಂಗಳದಲ್ಲಿ ನಿಂತ ಐಷರಿನ ಬಾಗಿಲು ತೆಗೆದು ನೋಡಿದ ಅಮ್ಮ, "ಇದೆಂತದಾ ಮಾರಾಯ, ಬೀಸುವ ಕಲ್ಲಿನ ಗೂಟ ತಂದು ಸಿಕ್ಕಿಸಿದ್ದೀಯಾ?" ಅಂತ ಕೇಳಿದರು. ಸರಿಯಾಗಿಯೇ ಕೇಳಿದರು. ಕೆಲಸ ಅದೇ. ಗೂಟ ಅಂಚಿನಲ್ಲಿ ಇರುವುದರಿಂದ ಒಂದೇ ಕೈಯಲ್ಲಿ, ಹಿಡಿತ ಬಿಡದೆ, ಸುತ್ತಿನ ಮೇಲೆ ಸುತ್ತು ಹಾಕಬಹುದು.

ಇದರ ಬೆಲೆ ಗೊತ್ತಾಗುವುದು ಹಳೆ ಬಂದರಿನ ಓಣಿಗಳಲ್ಲಿ. ವಾರಕ್ಕೆ ಮೂರು ಸಲ ಅಲ್ಲಿಗೆ ಅಕ್ಕಿ ಲೋಡು ಹೋಗಲಿಕ್ಕೆ ಉಂಟು. ಒಂದು ಬದಿಯಲ್ಲಿ ಟೆಂಪೊ, ಇನ್ನೊಂದು ಬದಿಯಲ್ಲಿ ಕೈಗಾಡಿ, ನಡುವೆ ನುಗ್ಗುವ ಸ್ಕೂಟರಿನವರು. ಗೋದಾಮಿನ ಬಾಗಿಲಿಗೆ ಹಿಂಬದಿ ತಾಗಿಸಬೇಕಾದರೆ ಪೂರ್ತಿ ಬಲಕ್ಕೆ, ಪೂರ್ತಿ ಎಡಕ್ಕೆ, ಮತ್ತೆ ಬಲಕ್ಕೆ. ಮೊದಲು ಕೈ ಮೇಲೆ ಕೈ ಹಾಕಿ ಎಳೆಯುವಾಗ ಗೇರಿಗೆ ಕೈ ಹಾಕಲು ಪ್ರತಿ ಸಲ ನಿಲ್ಲಿಸಬೇಕಿತ್ತು. ಈಗ ಬಲಗೈ ನಾಬಿನ ಮೇಲೆ, ಎಡಗೈ ಗೇರಿನ ಮೇಲೆ, ಕಣ್ಣು ಕನ್ನಡಿಯಲ್ಲಿ. ಹಿಂದಿನಿಂದ ಹಮಾಲಿಗಳು ತುಳುವಿನಲ್ಲಿ "ಬರಡ್, ಬರಡ್" (ಬರಲಿ, ಬರಲಿ) ಅನ್ನುತ್ತಿದ್ದ ಹಾಗೆ ಗಾಡಿ ಒಳಗೆ ಕೂತಿರುತ್ತದೆ. ಸಂಜೆಗೆ ಹೆಗಲು ನೋಯುವುದು ನಿಂತಿತು. ಇಷ್ಟಕ್ಕೇ ಆದರೆ 350 ದುಬಾರಿ ಅಲ್ಲ.

ಎಲ್ಲಿ ಕೂರಿಸುವುದು ಅಂತ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನಾನು ಮೊದಲು ಗಡಿಯಾರದ ಎರಡು ಗಂಟೆಯ ಜಾಗದಲ್ಲಿ ಹಾಕಿದೆ. ನೇರ ರಸ್ತೆಯಲ್ಲಿ ಅಂಗಿಯ ತೋಳು ಸಿಕ್ಕಿಕೊಳ್ಳುತ್ತಿತ್ತು. ನಾಲ್ಕು ಗಂಟೆಗೆ ಇಳಿಸಿದ ಮೇಲೆ ಸರಿಯಾಯಿತು. ಹೊಟ್ಟೆ ಇರುವವರಿಗೆ ಅಲ್ಲಿಯೂ ತಾಗೀತು, ಅದಕ್ಕೆ ನಾಬ್ ಜವಾಬ್ದಾರಿ ಅಲ್ಲ.

ಇನ್ನು 407. ಕಳೆದ ಆಟಿ ತಿಂಗಳ ಮಳೆಯಲ್ಲಿ, ಕಾಪುವಿನ ಒಳರಸ್ತೆ, ಹಿಂದೆ ಹಂಚಿನ ಲೋಡು, ಸ್ಪೀಡು ನಲವತ್ತೂ ಇರಲಿಲ್ಲ. ಕೆಂಪು ನೀರು ತುಂಬಿ ಹೊಂಡ ಕಾಣಲಿಲ್ಲ. ಮುಂದಿನ ಎಡ ಚಕ್ರ ಇಳಿದದ್ದೇ ಸ್ಟೇರಿಂಗ್ ಒಮ್ಮೆಲೇ ಎಡಕ್ಕೆ ಜಗ್ಗಿತು. ಬರೀ ರಿಂಗ್ ಆಗಿದ್ದರೆ ಅಂಗೈಯಲ್ಲಿ ಜಾರಿ ಹೋಗುತ್ತಿತ್ತು. ನಾಬ್ ಬಂದು ಹೆಬ್ಬೆರಳಿನ ಬುಡಕ್ಕೆ ಸುತ್ತಿಗೆಯ ಹಾಗೆ ಬಡಿಯಿತು. ನಾಲ್ಕು ದಿನ ಲುಂಗಿ ಮಡಚಿ ಕಟ್ಟಲಿಕ್ಕೂ ಆಗಲಿಲ್ಲ. ಕ್ಲೀನರ್ ಹುಡುಗನಿಗೆ ನಗು ತಡೆಯಲಾಗದೆ ಮುಖ ಆಚೆ ತಿರುಗಿಸಿದ.

ಫೋರ್ಕ್‌ಲಿಫ್ಟಿನಲ್ಲಿ ಹೀಗೆ ಯಾಕೆ ಆಗುವುದಿಲ್ಲ ಅಂತ ಆಮೇಲೆ ಮೆಕ್ಯಾನಿಕ್ ಹೇಳಿದ. ಅಂಥ ಗಾಡಿಗಳಲ್ಲಿ ಹೆಚ್ಚಾಗಿ ಸ್ಟೇರಿಂಗಿಗೂ ಚಕ್ರಕ್ಕೂ ನಡುವೆ ಇರುವುದು ಬರೀ ಎಣ್ಣೆಯ ಒತ್ತಡ. ಚಕ್ರಕ್ಕೆ ಬಿದ್ದ ಪೆಟ್ಟು ಕೈವರೆಗೆ ಬರುವುದಿಲ್ಲ. ಓಡುವುದೂ ಮೆಲ್ಲ, ಅದೂ ಸಿಮೆಂಟಿನ ನೆಲದಲ್ಲಿ. ಲಾರಿಯಲ್ಲಿ ಸ್ಟೇರಿಂಗಿನಿಂದ ಚಕ್ರದವರೆಗೂ ರಾಡಿನ ಮೇಲೆ ರಾಡು. ಪವರ್ ಸ್ಟೇರಿಂಗ್ ಇದ್ದರೆ ಪೆಟ್ಟು ತಗ್ಗುತ್ತದೆ, ಇಲ್ಲದಿದ್ದರೆ ಪೂರ್ತಿ ನಿಮಗೇ. ಅಮೆರಿಕದವರು ಇದನ್ನು ಸೂಸೈಡ್ ನಾಬ್ ಅಂತ ಕರೆಯುವುದು ಸುಮ್ಮನೆ ಅಲ್ಲ.

ಐಷರಿನಲ್ಲಿಯೂ ಒಂದು ಕಿರಿಕಿರಿ ಉಂಟು. ತಿರುವು ಮುಗಿದು ಕೈ ಸಡಿಲ ಬಿಟ್ಟರೆ ಸ್ಟೇರಿಂಗ್ ತಾನೇ ನೇರಕ್ಕೆ ಬರುತ್ತದಲ್ಲ, ಆಗ ನಾಬ್ ಕೂಡ ರಭಸದಿಂದ ಸುತ್ತುತ್ತದೆ. ಶಿರಾಡಿ ಘಾಟಿಯಲ್ಲಿ ಎರಡು ಸಲ ಮಣಿಕಟ್ಟಿಗೆ ತಾಗಿದ ಮೇಲೆ ಒಂದು ಅಭ್ಯಾಸ ಮಾಡಿಕೊಂಡೆ: ಗಾಡಿ ಎರಡನೇ ಗೇರು ದಾಟಿತು ಅಂದರೆ ಕೈ ನಾಬಿನಲ್ಲಿ ಇಲ್ಲ, ರಿಂಗಿನಲ್ಲಿ. ಒಂದೇ ಕೈಯಲ್ಲಿ ನಾಬ್ ಹಿಡಿದು, ಇನ್ನೊಂದರಲ್ಲಿ ಫೋನ್ ಹಿಡಿದು ಹೆದ್ದಾರಿಯಲ್ಲಿ ಹೋಗುವವರನ್ನೂ ನೋಡಿದ್ದೇನೆ. ಅವರಿಗೆ ನಾನು ಹೇಳುವುದು ಎಂತದೂ ಇಲ್ಲ.

ವಸ್ತುವಿನ ಗುಣಮಟ್ಟ ಸಾಧಾರಣ. ಮೇಲಿನ ಪ್ಲಾಸ್ಟಿಕ್ ಟೊಪ್ಪಿ ಎರಡೇ ತಿಂಗಳಲ್ಲಿ ಹಾರಿತು. ನಮ್ಮ ಉಪ್ಪು ಗಾಳಿಗೆ ಕ್ರೋಮಿನ ಸ್ಕ್ರೂ ಒಂದು ಮಳೆಗಾಲ ತಡೆಯಲಿಲ್ಲ, ಸ್ಟೀಲಿನದ್ದು ಹಾಕಿಸಿದೆ. ಕ್ಲ್ಯಾಂಪಿನ ಒಳಗೆ ಕೊಟ್ಟ ರಬ್ಬರ್ ತೆಳು. ಲೋಡಿನ ಅದುರಾಟಕ್ಕೆ ಸಡಿಲವಾಗಿ, ಒಮ್ಮೆ ರಿವರ್ಸಿನ ನಡುವೆಯೇ ಇಡೀ ನಾಬ್ ರಿಂಗಿನ ಮೇಲೆ ಜಾರಿತು. ಹಿಂದೆ ಗೋಡೆ ಇತ್ತು, ಪುಣ್ಯಕ್ಕೆ ಕಾಲು ಬ್ರೇಕಿನ ಮೇಲೇ ಇತ್ತು. ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಿ ಬಿಗಿದ ಮೇಲೆ ಅಲ್ಲಾಡಿಲ್ಲ. ಆದರೂ ದಿನಾ ಬೆಳಿಗ್ಗೆ ಟಯರಿಗೆ ತಟ್ಟಿ ನೋಡುವ ಹೊತ್ತಿಗೆ ಇದನ್ನೂ ಒಮ್ಮೆ ಅಲ್ಲಾಡಿಸಿ ನೋಡುತ್ತೇನೆ. ಬೇರಿಂಗ್ ಮಾತ್ರ ಒಳ್ಳೆಯದು, ಇವತ್ತಿಗೂ ಬೆಣ್ಣೆಯ ಹಾಗೆ ತಿರುಗುತ್ತದೆ.

407ರದ್ದು ಬಿಚ್ಚಿ ಟೂಲ್ ಬಾಕ್ಸಿಗೆ ಹಾಕಿದ್ದೇನೆ. ಯಾರಿಗಾದರೂ ಬೇಕಿದ್ದರೆ ಧರ್ಮಕ್ಕೆ ಕೊಡುತ್ತೇನೆ, ಗಾಡಿ ಯಾವುದು ಅಂತ ಕೇಳಿದ ಮೇಲೆ.