ತುಕ್ಕು ತಡೆಯುವ ಪುಡಿ: ಐದು ತಿಂಗಳ ಶಟ್‌ಡೌನ್ ಮುಗಿದು ಮುಚ್ಚಳ ತೆಗೆದಾಗ

ಐದು ತಿಂಗಳು ನಿಲ್ಲಿಸಬೇಕಾಗಿ ಬಂದ ನಮ್ಮ ಚಿಲ್ಲರ್ (ನೀರನ್ನು ತಣ್ಣಗಾಗಿಸುವ ಯಂತ್ರ), ಅದರ ಶಾಖವನ್ನು ಹೊತ್ತೊಯ್ಯುವ ಕಂಡೆನ್ಸರ್ ನೀರಿನ ಪೈಪುಗಳು ಹಾಗೂ ಆ ನೀರನ್ನು ಗಾಳಿಗೊಡ್ಡಿ ತಂಪಾಗಿಸುವ ಕೂಲಿಂಗ್ ಟವರ್‌ಗೆ ಈ ಬಾರಿ ಆವಿಯಾಗಿ ಹರಡುವ ತುಕ್ಕುನಿರೋಧಕ ಪುಡಿಯನ್ನು ಬಳಸಿದೆವು. ನೀರಿನಲ್ಲಿ ಕರಗುವ ಚೀಲಗಳಲ್ಲಿ ಬರುವ ಈ ಪುಡಿ ಕೊಟ್ಟ ಹಣಕ್ಕೆ ಮೋಸ ಮಾಡಲಿಲ್ಲ. ಆದರೆ ಅದನ್ನು ಮಾರುವವರು ಹೇಳದೇ ಬಿಡುವ ಸಂಗತಿಗಳೇ ಇಲ್ಲಿ ಹೆಚ್ಚು ಮುಖ್ಯ.

ಹಿಂದಿನ ಶಟ್‌ಡೌನ್‌ನಲ್ಲಿ ನೀರನ್ನು ಹೊರಬಿಟ್ಟು, ಒಳಭಾಗವನ್ನು ಒಣಗಿಸದೆ ಹಾಗೆಯೇ ಬಿಟ್ಟಿದ್ದೆವು. ತೇವವೂ ಗಾಳಿಯೂ ಒಟ್ಟಿಗೆ ಸಿಗುವ ಈ ಅರೆಖಾಲಿ ಸ್ಥಿತಿ ಉಕ್ಕಿಗೆ ಎಲ್ಲಕ್ಕಿಂತ ಕೆಟ್ಟದ್ದು. ವ್ಯವಸ್ಥೆಯನ್ನು ಪೂರ್ತಿ ತುಂಬಿಸಿ, ನೈಟ್ರೈಟ್‌ನಂಥ ತುಕ್ಕುನಿರೋಧಕ ಹಾಗೂ ಬಯೋಸೈಡ್ (ಸೂಕ್ಷ್ಮಜೀವಿಗಳನ್ನು ಕೊಲ್ಲುವ ರಾಸಾಯನಿಕ) ಸೇರಿಸಿ, ಆಗಾಗ ಪಂಪ್ ಓಡಿಸುವ ಇನ್ನೊಂದು ವಿಧಾನವಿದೆ. ಆದರೆ ನೈಟ್ರೈಟನ್ನು ಕೆಲವು ಬ್ಯಾಕ್ಟೀರಿಯಾಗಳು ತಿಂದು ಮುಗಿಸುವುದರಿಂದ ನೀರನ್ನು ಪರೀಕ್ಷಿಸುತ್ತಲೇ ಇರಬೇಕು, ಅದಕ್ಕೆ ನಮ್ಮಲ್ಲಿ ಆಳುಗಳಿರಲಿಲ್ಲ. ಹಾಗಾಗಿ ಒಣಗಿಸಿ ಮುಚ್ಚಿಡುವುದೇ ಸರಿಯೆನಿಸಿತು.

ಈ ಪುಡಿಯ ಲವಣಗಳು ನಿಧಾನವಾಗಿ ಆವಿಯಾಗಿ, ಮುಚ್ಚಿದ ಜಾಗದಲ್ಲೆಲ್ಲ ಹರಡಿ, ಲೋಹದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರವಾಗಿ ಕೂರುತ್ತವೆ. ಬ್ರಷ್ಷು ಹೋಗದ ಸಂದುಗೊಂದುಗಳಿಗೂ ಇದು ತಲುಪುತ್ತದೆ ಎಂಬುದೇ ಇದರ ದೊಡ್ಡ ಗುಣ. ನಮ್ಮ ಕಂಡೆನ್ಸರಿನೊಳಗಿನ ಟ್ಯೂಬುಗಳು ತಾಮ್ರದವು. ಇಂಥ ಪುಡಿಗಳಲ್ಲಿ ಬಳಸುವ ಕೆಲವು ಅಮೀನ್ ಸಂಯುಕ್ತಗಳು ತಾಮ್ರ ಮತ್ತು ಹಿತ್ತಾಳೆಗೆ ಒಗ್ಗುವುದಿಲ್ಲವಾದ್ದರಿಂದ, ತಾಮ್ರಕ್ಕೂ ಆಗುತ್ತದೆಂದು ತಾಂತ್ರಿಕ ಹಾಳೆಯಲ್ಲಿ ಬರೆದಿದ್ದುದನ್ನು ನೋಡಿಯೇ ಕೊಂಡೆವು. ನಂಬಿಕೆ ಸಾಲದೆ, ತೂಕ ಮಾಡಿದ ಉಕ್ಕಿನ ಒಂದು ತುಂಡನ್ನೂ ತಾಮ್ರದ ಒಂದು ತುಂಡನ್ನೂ ಒಳಗೆ ಕಟ್ಟಿ ತೂಗುಬಿಟ್ಟೆವು.

ಪುಡಿ ಹಾಕಲು ಅರ್ಧ ಗಂಟೆ ಸಾಕಾಯಿತು. ಅದಕ್ಕೂ ಮೊದಲು ಮುಚ್ಚಳ ಬಿಚ್ಚಿ, ಟ್ಯೂಬುಗಳಿಗೆ ಬ್ರಷ್ಷು ಹಾಕಿ ಕೆಸರು ತೆಗೆದು, ಬ್ಲೋವರ್ ಹಚ್ಚಿ ಒಣಗಿಸಲು ಪೂರ್ತಿ ಎರಡು ದಿನ ಹಿಡಿಯಿತು. ಈ ಎರಡು ದಿನಗಳನ್ನು ಉಳಿಸಲು ಹೋಗುವವರು ಪುಡಿಯನ್ನು ಕೊಳ್ಳದಿರುವುದೇ ಮೇಲು. ಕೆಸರಿನ ಪದರದ ಅಡಿಯಲ್ಲಿ ನಡೆಯುವ ತುಕ್ಕಿನ ತನಕ ಯಾವ ಆವಿಯೂ ಇಳಿಯುವುದಿಲ್ಲ.

ಐದು ತಿಂಗಳ ಬಳಿಕ ಕಂಡೆನ್ಸರಿನ ತುದಿಯ ವಾಟರ್ ಬಾಕ್ಸಿನ ಮುಚ್ಚಳ ತೆಗೆದಾಗ ಟ್ಯೂಬ್ ಶೀಟ್ (ಟ್ಯೂಬುಗಳ ತುದಿಗಳನ್ನು ಹಿಡಿದಿಡುವ ಉಕ್ಕಿನ ಫಲಕ) ಬೂದುಬಣ್ಣದಲ್ಲೇ ಇತ್ತು; ಬೆರಳಾಡಿಸಿದರೆ ಬಿಳಿಯ ನವಿರಾದ ಹುಡಿ ಅಂಟಿತೇ ಹೊರತು ಕೆಂಪು ತುಕ್ಕಿನ ಸುಳಿವಿರಲಿಲ್ಲ. ಒಳಗಿನ ಎರಡೂ ತುಂಡುಗಳ ತೂಕ ಬದಲಾಗಿರಲಿಲ್ಲ. ಹೋಲಿಕೆಗೆಂದು ಪಂಪ್ ಕೋಣೆಯಲ್ಲಿ ತೂಗುಹಾಕಿದ್ದ ಉಕ್ಕಿನ ತುಂಡು ಮಾತ್ರ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

ಸೋತದ್ದು ಪಂಪಿಗೆ ನೀರು ತರುವ ಪೈಪಿನ ಕೆಳಬಾಗಿನಲ್ಲಿ. ಅಲ್ಲಿ ಡ್ರೈನ್ ವಾಲ್ವ್ ಇಲ್ಲದ್ದರಿಂದ ಅಂಗೈಯಗಲದಷ್ಟು ನೀರು ನಿಂತಿತ್ತು. ನೀರಿನ ಮಟ್ಟದ ಗುಂಟ ಗೆರೆ ಎಳೆದಂತೆ ತುಕ್ಕು ಕಟ್ಟಿತ್ತು, ಕೆಳಗಿದ್ದ ತುಕ್ಕಿನ ಗಂಟುಗಳನ್ನು ಚಾಕುವಿನಿಂದ ಕೆರೆದರೆ ಒಳಗೆ ಗುಳಿಗಳು ಕಂಡವು. ಉಳಿದ ತೇವದಲ್ಲೂ ಕೆಲಸ ಮಾಡುತ್ತದೆ ಎಂದು ಚೀಲದ ಮೇಲೆ ಬರೆದಿದೆ. ಗೋಡೆಗಂಟಿದ ತೇವಕ್ಕೆ ಆ ಮಾತು ಸಲ್ಲಬಹುದು, ನಿಂತ ನೀರಿಗೆ ಸಲ್ಲಲಿಲ್ಲ.

ಟವರ್‌ನ ಬೇಸಿನ್ನಿಗೆ (ಅಡಿಯ ನೀರಿನ ತೊಟ್ಟಿಗೆ) ಹಾಕಿದ ಚೀಲಗಳಂತೂ ದಂಡವಾದವು. ಸುತ್ತಲೂ ಗಾಳಿಯಾಡುವ ಜಾಗದಲ್ಲಿ ಆವಿ ನಿಲ್ಲುವುದಾದರೂ ಹೇಗೆ? ತಪ್ಪು ನಮ್ಮದೇ, ಆದರೂ ವ್ಯವಸ್ಥೆಯ ಗಾತ್ರ ಕೇಳಿ ಚೀಲಗಳ ಲೆಕ್ಕ ಹಾಕಿಕೊಟ್ಟ ಮಾರಾಟಗಾರರು ಟವರನ್ನು ಲೆಕ್ಕದಿಂದ ಬಿಡಬೇಕಿತ್ತು. ಅದನ್ನು ಚೊಕ್ಕಗೊಳಿಸಿ, ಒಣಗಿಸಿ, ಮಳೆನೀರು ಬೀಳದಂತೆ ಮುಚ್ಚಿಡುವುದೇ ಸಾಕಾಗುತ್ತಿತ್ತು.

ಮತ್ತೆ ಚಾಲೂ ಮಾಡುವಾಗ ಪುಡಿಯನ್ನು ಬಳಿದು ತೆಗೆಯಬೇಕಾಗಲಿಲ್ಲ; ನೀರು ತುಂಬಿ ಹರಿಸಿದಾಗ ತುಸು ನೊರೆಯೆದ್ದು ಕರಗಿಹೋಯಿತು. ಆ ನೀರನ್ನು ಎಲ್ಲಿಗೆ ಬಿಡಬಹುದು ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಪುಡಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಿಲ್ಲ. ಟವರ್‌ನ ಫ್ಯಾನ್ ತಿರುಗಿದೊಡನೆ ಶ್ವಾಸಕೋಶದ ಸೋಂಕು ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಇರುವ ತುಂತುರು ಗಾಳಿಗೆ ಸೇರುವ ಅಪಾಯವಿರುವುದರಿಂದ, ಬಯೋಸೈಡ್ ಹಾಕಿ ನೀರನ್ನು ಸುತ್ತಿಸಿದ ನಂತರವೇ ಫ್ಯಾನ್ ಹಾಕಿದೆವು.

ಚಿಲ್ಲರ್ ಮತ್ತು ಪೈಪುಗಳಿಗಾಗಿ ಇದನ್ನೇ ಮತ್ತೆ ಕೊಳ್ಳುತ್ತೇನೆ, ಈ ಸಲಕ್ಕಿಂತ ಕಡಿಮೆ ಚೀಲಗಳನ್ನು. ಕೆಳಬಾಗಿನ ಗುಳಿಬಿದ್ದ ತುಂಡನ್ನು ಕತ್ತರಿಸಿ ತೆಗೆದು, ಹೊಸದನ್ನು ಕೂರಿಸುವಾಗ ಡ್ರೈನ್ ವಾಲ್ವನ್ನೂ ಹಾಕಿಸಿದ್ದೇವೆ.