ಚಿಪ್ಪುಮೀನಿನ ಲಕ್ವ ವಿಷ: ಸುಂಡಿಲಿ, ಎಚ್‌ಪಿಎಲ್‌ಸಿ, ಪಟ್ಟಿ – ಯಾವುದನ್ನು ನಂಬಬಹುದು?

ಪಾಚಿಯಿಂದ ಮರುವಾಯಿ, ಪಚ್ಚಿಲೆಗಳಂಥ ಚಿಪ್ಪುಮೀನುಗಳಲ್ಲಿ ಸೇರುವ ಸ್ಯಾಕ್ಸಿಟಾಕ್ಸಿನ್ ಗುಂಪಿನ ವಿಷ ಬೇಯಿಸಿದರೂ ಹೋಗುವುದಿಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. 1983ರಲ್ಲಿ ಮಂಗಳೂರಿನ ಬಳಿಯ ಕುಂಬಳೆಯಲ್ಲಿ ಮರುವಾಯಿ ತಿಂದವರು ಇದಕ್ಕೇ ತುತ್ತಾಗಿದ್ದರು. ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ ಕೋಡೆಕ್ಸ್ ಹಾಕಿರುವ ಮಿತಿ ಕಿಲೋ ಮಾಂಸಕ್ಕೆ 800 ಮೈಕ್ರೋಗ್ರಾಂ. 5,000 ಇದ್ದರೆ ಯಾವ ವಿಧಾನವಾದರೂ ಹಿಡಿಯುತ್ತದೆ. ಸುಂಡಿಲಿಗೆ ಚುಚ್ಚುವುದು, ಎಚ್‌ಪಿಎಲ್‌ಸಿ (ದ್ರಾವಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ), ಪ್ರತಿಕಾಯದ ಪಟ್ಟಿ (ಸ್ಟ್ರಿಪ್) – ಈ ಮೂರು ವಿಧಾನಗಳ ಬಲಾಬಲ ತಿಳಿಯುವುದು 800ರ ಆಸುಪಾಸಿನಲ್ಲಿ.

ಯಾವ ದಾರಿ ಹಿಡಿದರೂ ಮಾದರಿಯ ತಯಾರಿ ಒಂದೇ. ಚಿಪ್ಪನ್ನು ಹೊರಗಿನಿಂದ ತೊಳೆದು, ಮುಚ್ಚುವ ಸ್ನಾಯುವನ್ನು ಕತ್ತರಿಸಿ ತೆರೆಯಬೇಕು. ತೆರೆಯಲು ಬಿಸಿ ಮಾಡಬಾರದು. ಮಾಂಸವನ್ನು ಜರಡಿಯ ಮೇಲೆ 5 ನಿಮಿಷ ಬಸಿಯಲು ಬಿಟ್ಟು, 100ರಿಂದ 150 ಗ್ರಾಂ ನುಣ್ಣಗೆ ರುಬ್ಬಬೇಕು. ಇಲ್ಲಿ ಕೆಟ್ಟರೆ ಮುಂದಿನ ಯಾವ ಯಂತ್ರವೂ ಸರಿಪಡಿಸದು.

ಹಳೆಯ ದಾರಿ ಸುಂಡಿಲಿಯದು, ಎಒಎಸಿ (ವಿಶ್ಲೇಷಣಾ ವಿಧಾನಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) 959.08. 100 ಗ್ರಾಂ ಮಾಂಸಕ್ಕೆ 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ 100 ಮಿಲಿ, 5 ನಿಮಿಷ ಕುದಿ, ತಣಿದ ಮೇಲೆ ಪಿಎಚ್ 2ರಿಂದ 4ರೊಳಗೆ, ಒಟ್ಟು 200 ಮಿಲಿ. ಪಿಎಚ್ ಏರಿಸುವಾಗ ಕಲಕುತ್ತಲೇ ಕ್ಷಾರವನ್ನು ಹನಿಹನಿಯಾಗಿ ಬಿಡಬೇಕು. ಒಂದೆಡೆ ಸುರಿದರೆ ಆ ಜಾಗದಲ್ಲಿ ವಿಷ ನಾಶವಾಗಿ ಫಲಿತಾಂಶ ಕಡಿಮೆ ಬರುತ್ತದೆ. 19ರಿಂದ 21 ಗ್ರಾಂ ತೂಕದ ಸುಂಡಿಲಿಯ ಹೊಟ್ಟೆಯೊಳಗೆ 1 ಮಿಲಿ ಚುಚ್ಚಿ, ಕೊನೆಯುಸಿರಿನವರೆಗಿನ ಸಮಯ ಅಳೆಯಬೇಕು. 5ರಿಂದ 7 ನಿಮಿಷದಲ್ಲಿ ಸತ್ತರೆ ಲೆಕ್ಕ ನಂಬಲರ್ಹ. ಅದಕ್ಕೂ ಬೇಗ ಸತ್ತರೆ ಸಾರವನ್ನು ತೆಳುವಾಗಿಸಿ ಮತ್ತೆ ಚುಚ್ಚಬೇಕು. ಸೂಜಿಯ ಬಾಯಿಂದ ಒಂದು ಹನಿಗಿಂತ ಹೆಚ್ಚು ಹೊರಬಂದರೆ ಆ ಇಲಿಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಗುಂಪಿನ ವಿಷಗಳನ್ನೆಲ್ಲ ಒಟ್ಟಿಗೇ ಅಳೆಯುವುದು ಇದರ ಗುಣ. ದೋಷ ಮಾತ್ರ ಗಂಭೀರ. ಸಾರದಲ್ಲಿರುವ ಉಪ್ಪು ವಿಷದ ಪರಿಣಾಮವನ್ನು ಅಡಗಿಸುತ್ತದೆ, ಅದೂ ಮಿತಿಯ ಆಸುಪಾಸಿನ ತೆಳು ವಿಷವಿರುವ ಮಾದರಿಗಳಲ್ಲೇ ಹೆಚ್ಚು. ಅಂದರೆ ತಿರಸ್ಕರಿಸಬೇಕಾದ ಮಾಲು ಪಾಸಾಗುತ್ತದೆ. ಸಿಂಪಿಯಲ್ಲಿ ಸತು ತುಂಬಿದ್ದರೆ ಇದಕ್ಕೆ ತಿರುಗುಮುರುಗು: ವಿಷವಿಲ್ಲದೆಯೂ ಇಲಿ ಸಾಯುತ್ತದೆ. ಕಿಲೋಗೆ ಸುಮಾರು 400ಕ್ಕಿಂತ ಕೆಳಗೆ ಈ ವಿಧಾನ ಏನನ್ನೂ ಹೇಳದು. ಪ್ರಾಣಿಯನ್ನು ಕೊಂದೂ ಇಷ್ಟೇ ಉತ್ತರ ಸಿಗುವುದಾದರೆ ಇದನ್ನು ಮುಂದುವರಿಸಲು ಕಾರಣ ಕಾಣುವುದಿಲ್ಲ. ಯುರೋಪ್ ಒಕ್ಕೂಟ ಈ ವಿಷಗಳಿಗೆ 2019ರಿಂದ ಎಚ್‌ಪಿಎಲ್‌ಸಿಯನ್ನೇ ಮೂಲ ವಿಧಾನವಾಗಿಸಿದೆ.

2019ರಲ್ಲಿ ಆರಿಸಿದ ವಿಧಾನ ಎಒಎಸಿ 2005.06. 5 ಗ್ರಾಂ ಮಾಂಸಕ್ಕೆ 1% ಅಸಿಟಿಕ್ ಆಮ್ಲ 3 ಮಿಲಿ ಹಾಕಿ, ಕುದಿಯುವ ನೀರಿನಲ್ಲಿ 5 ನಿಮಿಷ ಇಟ್ಟು, ಅದೇ ಮಾಂಸದಿಂದ ಎರಡನೇ ಸಲವೂ ಸಾರ ತೆಗೆದು, ಸಿ18 ಕಾರ್ಟ್ರಿಜ್‌ನಲ್ಲಿ ಶುದ್ಧಿ ಮಾಡಬೇಕು. ಯಂತ್ರ ಅಳೆಯುವುದು ಹೊಳಪನ್ನು (ಪ್ರತಿದೀಪ್ತಿ). ಈ ವಿಷಗಳು ತಾವಾಗಿ ಹೊಳೆಯುವುದಿಲ್ಲವಾದ್ದರಿಂದ ಯಂತ್ರಕ್ಕೆ ಹಾಕುವ ಮೊದಲು ಆಕ್ಸಿಡೀಕರಣ ಬೇಕು. ಪೆರಾಕ್ಸೈಡ್‌ಗೆ 2 ನಿಮಿಷ, ಪೆರಿಯೊಡೇಟ್‌ಗೆ 1 ನಿಮಿಷ, ಆಮೇಲೆ ಅಸಿಟಿಕ್ ಆಮ್ಲ ಹಾಕಿ ನಿಲ್ಲಿಸಬೇಕು. ಟೈಮರ್ ಇಲ್ಲದೆ ಕೈಯಂದಾಜಿನಲ್ಲಿ ಮಾಡಿದರೆ ಒಂದೇ ಸಾರದ ಎರಡು ಬಾಟಲಿ ಬೇರೆಬೇರೆ ಎತ್ತರದ ಶಿಖರ (ಯಂತ್ರದ ನಕ್ಷೆಯಲ್ಲಿ ವಿಷದ ಪ್ರಮಾಣ ತೋರುವ ಏರು) ಕೊಡುತ್ತವೆ. ಇದೇ ಗುಂಪಿನ ನಿಯೋಸ್ಯಾಕ್ಸಿಟಾಕ್ಸಿನ್ ಮತ್ತು ಜಿಟಿಎಕ್ಸ್ (ಗೊನಿಯೋಟಾಕ್ಸಿನ್) 1, 4 ಕಾಣಲು ಪೆರಿಯೊಡೇಟ್ ಬೇಕೇ ಬೇಕು. ಪೆರಾಕ್ಸೈಡ್ ಒಂದನ್ನೇ ನಂಬಿದವರ ವರದಿಯಲ್ಲಿ ಅತಿ ವಿಷಕಾರಿಯಾದ ಕೆಲವು ಬಿಟ್ಟುಹೋಗಿರುತ್ತವೆ.

ಇದಕ್ಕೂ ಒಂದು ಮಿತಿ ಇದೆ. ಜಿಟಿಎಕ್ಸ್ 1 ಮತ್ತು 4 ಒಂದೇ ಶಿಖರದಲ್ಲಿ ಬರುತ್ತವೆ, 2 ಮತ್ತು 3 ಕೂಡ ಹಾಗೆಯೇ. ಜೋಡಿಯಲ್ಲಿ ಹೆಚ್ಚು ವಿಷಕಾರಿಯಾದುದರ ತೀವ್ರತೆಯ ಗುಣಾಂಕವನ್ನೇ ಇಡೀ ಶಿಖರಕ್ಕೆ ಹಾಕುವುದರಿಂದ ಫಲಿತಾಂಶ ತುಸು ಮೇಲಕ್ಕೆ ವಾಲುತ್ತದೆ. ತಿನ್ನುವವರ ದೃಷ್ಟಿಯಿಂದ ಈ ವಾಲಿಕೆ ಒಳ್ಳೆಯದೇ. ಜೋಡಿಗಳನ್ನು ಬಿಡಿಸಲೇಬೇಕೆಂದರೆ ಎಒಎಸಿ 2011.02 ಇದೆ: ಅದರಲ್ಲಿ ಮೊದಲು ಬೇರ್ಪಡಿಸಿ, ಆಮೇಲೆ ಬಿಸಿ ಕೊಳವೆ ಸುರುಳಿಯಲ್ಲಿ ಆಕ್ಸಿಡೀಕರಣ. ಶಿಖರಗಳನ್ನು ಓದುವುದು ಸುಲಭ, ಯಂತ್ರ ಸಾಕುವುದು ಕಷ್ಟ. ದಿನದ ಕೊನೆಗೆ ಸುರುಳಿಗೆ ನೀರು ಹರಿಸದಿದ್ದರೆ ಬಫರಿನ ಉಪ್ಪು ಕಟ್ಟಿಕೊಂಡು ಒತ್ತಡ ಏರುತ್ತದೆ.

ಪ್ರತಿಕಾಯದ ಪಟ್ಟಿ ದಡದಲ್ಲೇ ನಿಮಿಷಗಳಲ್ಲಿ ಉತ್ತರ ಕೊಡುತ್ತದೆ. ಓದುವಾಗ ಎಚ್ಚರ: ಪರೀಕ್ಷಾ ಗೆರೆ ಮಾಸಿದರೆ ವಿಷವಿದೆ ಎಂದರ್ಥ, ಗರ್ಭ ಪರೀಕ್ಷೆಯ ಪಟ್ಟಿಗೆ ತದ್ವಿರುದ್ಧ. ಪ್ರತಿಕಾಯವು ವಿಷದ ಆಕಾರವನ್ನು ಗುರುತಿಸುತ್ತದೆಯೇ ಹೊರತು ಅದರ ತೀವ್ರತೆಯನ್ನಲ್ಲ. ಸ್ಯಾಕ್ಸಿಟಾಕ್ಸಿನ್‌ಗೆಂದು ಬೆಳೆಸಿದ ಪ್ರತಿಕಾಯ ನಿಯೋಸ್ಯಾಕ್ಸಿಟಾಕ್ಸಿನ್ ಅನ್ನು ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ನಿಮ್ಮ ನೀರಿನ ಪಾಚಿ ಯಾವ ವಿಷಗಳನ್ನು ಮಾಡುತ್ತದೆಂದು ಎಚ್‌ಪಿಎಲ್‌ಸಿಯಲ್ಲಿ ಒಮ್ಮೆ ನೋಡಿಕೊಳ್ಳದೆ ಪಟ್ಟಿ ಕೊಳ್ಳಬೇಡಿ. ಗೆರೆ ಅರೆಬರೆ ಮಾಸಿದ ಮಾದರಿಯೂ ಲ್ಯಾಬಿಗೆ ಹೋಗಲಿ.

ಎಚ್‌ಪಿಎಲ್‌ಸಿಗೆ ಹೊರಟವರು ಮೊದಲು ಮಾನಕ ದ್ರಾವಣಕ್ಕೆ (ವಿಷದ ಪ್ರಮಾಣ ಗೊತ್ತಿರುವ, ಹೋಲಿಕೆಗೆ ಬೇಕಾದ ದ್ರಾವಣ) ಅರ್ಜಿ ಹಾಕಿ, ಯಂತ್ರ ಆಮೇಲೆ. ಸ್ಯಾಕ್ಸಿಟಾಕ್ಸಿನ್ ರಾಸಾಯನಿಕ ಅಸ್ತ್ರ ಒಪ್ಪಂದದ ಮೊದಲ ಅನುಸೂಚಿಯಲ್ಲಿದೆ. ಪ್ರಮಾಣಿತ ದ್ರಾವಣಗಳು ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಂಥ ಕೆಲವೇ ಕಡೆಯಿಂದ ಬರಬೇಕು. ಆ ಕಾಗದಪತ್ರ ಮುಗಿಯದೆ ಒಂದು ಮಾದರಿಯನ್ನೂ ಅಳೆಯಲಾಗದು.