ಮಗಳ ಮುರಿದ ಮುಂದಿನ ಹಲ್ಲು: ವರ್ಷ ಕಾದು ಬರೆದ ರಿವ್ಯೂ

ಮಗಳ ಮುರಿದ ಹಲ್ಲು ಸರಿ ಮಾಡಿಕೊಟ್ಟ ಈ ಹಲ್ಲಿನ ಕ್ಲಿನಿಕ್ ಬಗ್ಗೆ ರಿವ್ಯೂ ಬರೆಯುವುದಕ್ಕೆ ಬೇಕು ಅಂತಲೇ ಒಂದು ವರ್ಷ ಕಾದೆ. ಕೆಲಸ ಮಾಡಿಸಿದ ಮಾರನೇ ದಿನ ಯಾವ ಹಲ್ಲಾದರೂ ಚೆನ್ನಾಗೇ ಕಾಣುತ್ತದೆ. ಆದರೆ ಏಟು ಬಿದ್ದ ಹಲ್ಲಿನ ಒಳಗೆ ನರ ಬದುಕಿದೆಯೋ ಸತ್ತಿದೆಯೋ ಅನ್ನುವುದು ತಿಳಿಯಲು ತಿಂಗಳುಗಟ್ಟಲೆ ಬೇಕು. ಹೋದ ವಾರ ವರ್ಷದ ಎಕ್ಸ್-ರೇ ಆಯ್ತು, ನರ ಬದುಕಿದೆ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಹೋದ ವರ್ಷ ದಸರಾ ರಜೆ, ಭಾನುವಾರ ಸಂಜೆ. ನಾವಿರುವುದು ತುಮಕೂರಿನ ಶೆಟ್ಟಿಹಳ್ಳಿ ಕಡೆ. ಎಂಟೂವರೆ ವರ್ಷದ ಮಗಳು ಮನೆ ಮುಂದಿನ ರಸ್ತೆಯಲ್ಲಿ ಸೈಕಲ್ ಹೊಡೆಯುತ್ತಿದ್ದವಳು ಹಂಪ್ ಹತ್ತಿರ ಆಯ ತಪ್ಪಿ, ಮುಖ ಅಡಿಯಾಗಿ ಚರಂಡಿ ಕಲ್ಲಿನ ಮೇಲೆ ಬಿದ್ದಳು. ತುಟಿ ಕುಯ್ದು ರಕ್ತ. ಬಾಯಿ ಒರೆಸಿ ನೋಡಿದರೆ ಮೇಲಿನ ಎರಡೂ ಮುಂದಿನ ಹಲ್ಲು ಮುರಿದಿದ್ದವು. ಬಲಗಡೆಯದು ಅರ್ಧಕ್ಕೆ, ಎಡಗಡೆಯದರ ಮೂಲೆ ಮಾತ್ರ. ನಮ್ಮತ್ತೆ ಸಮಾಧಾನ ಮಾಡಲು ‘ಹಾಲುಹಲ್ಲಲ್ವೇನೇ, ಬಿಡು, ಮತ್ತೆ ಬರುತ್ತೆ’ ಅಂದರು. ಅವು ಹಾಲುಹಲ್ಲಲ್ಲ. ಮುಂದಿನ ಹಲ್ಲು ಬಿದ್ದು 7-8 ವರ್ಷಕ್ಕೆ ಬರುವುದೇ ಶಾಶ್ವತ ಹಲ್ಲು. ಅದು ಹೋದರೆ ಮತ್ತೆ ಬರುವುದಿಲ್ಲ. ಇದು ನೆನಪಾದಾಗ ನನಗೆ ಕೈಕಾಲೇ ಆಡಲಿಲ್ಲ.

ನಮ್ಮ ಯಜಮಾನರು ಮೊಬೈಲ್ ಟಾರ್ಚ್ ಹಾಕಿಕೊಂಡು ರಸ್ತೆಯಲ್ಲಿ ಕೂತು ಹುಡುಕಿದರು. ಎಡಗಡೆ ಹಲ್ಲಿನ ಚೂರು ಸಿಕ್ಕಿತು, ಒಂದು ಅಕ್ಕಿ ಕಾಳಿನಷ್ಟು. ಇನ್ನೊಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ಸಿಕ್ಕಿದ್ದನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡು ಹೊರಟೆವು.

ಮೊದಲು ಹೋಗಿದ್ದು ಈ ಕ್ಲಿನಿಕ್‌ಗೆ ಅಲ್ಲ. ತೆರೆದಿದ್ದ ಇನ್ನೊಂದು ಕಡೆ ಹೋದೆವು, ಹೆಸರು ಬೇಡ. ಅಲ್ಲಿ ಎಕ್ಸ್-ರೇ ಕೂಡ ತೆಗೆಯದೆ, ಟಾರ್ಚ್ ಬಿಟ್ಟು ನೋಡಿ, ಎರಡೂ ಹಲ್ಲಿಗೆ ರೂಟ್ ಕೆನಾಲ್ (ಒಳಗಿನ ನರ ಪೂರ್ತಿ ತೆಗೆಯುವುದು) ಮಾಡಿ ಕ್ಯಾಪ್ ಹಾಕಬೇಕು, 24,000 ಆಗುತ್ತದೆ, ನಾಳೆ ಬನ್ನಿ ಅಂದರು. ಗಂಟು ಬಿಚ್ಚಿ ಚೂರು ತೋರಿಸಿದರೆ ‘ಅದೇನೂ ಬೇಡ, ಎಸೆಯಿರಿ’ ಅಂದರು. ಅಷ್ಟು ಚಿಕ್ಕ ಮಗುವಿಗೆ ಎರಡು ಕ್ಯಾಪಾ ಅಂತ ಮನಸ್ಸು ಒಪ್ಪಲಿಲ್ಲ. ಹೊರಗೆ ಬಂದು ನಮ್ಮ ಅಕ್ಕನಿಗೆ ಫೋನ್ ಮಾಡಿದೆ, ಅವಳು ಕೊಟ್ಟಿದ್ದೇ ಈ ಕ್ಲಿನಿಕ್ ನಂಬರ್.

ಭಾನುವಾರ ಸಂಜೆ ಆರೂವರೆಗೆ ಫೋನ್ ಎತ್ತಿದ್ದು ಡಾಕ್ಟರ್ ಮೇಡಮ್ಮೇ. ಅವರು ಕೇಳಿದ ಮೊದಲ ಪ್ರಶ್ನೆ, ಮಗು ಪ್ರಜ್ಞೆ ತಪ್ಪಿತ್ತಾ, ವಾಂತಿ ಮಾಡಿದೆಯಾ. ಎರಡನೆಯದು, ಮುರಿದ ಚೂರು ಇದೆಯಾ. ಕರ್ಚೀಫಿನಲ್ಲಿದೆ ಅಂದ ತಕ್ಷಣ ‘ಒಣಗೋಕೆ ಬಿಡಬೇಡಿ, ಹಾಲಿಗೋ ಎಳನೀರಿಗೋ ಹಾಕಿಕೊಂಡು ಬನ್ನಿ’ ಅಂದರು. ನಮ್ಮ ಜಿಲ್ಲೆಯಲ್ಲಿ ಎಳನೀರಿಗೆ ಬರವೇ? ರಸ್ತೆ ಪಕ್ಕದ ಗಾಡಿಯಲ್ಲಿ ‘ಅಣ್ಣಾ, ಒಂದು ಕೆತ್ತಿ ಲೋಟಕ್ಕೆ ಹಾಕಿಕೊಡಿ’ ಅಂದೆ. ವಿಷಯ ಕೇಳಿ ಆತ ದುಡ್ಡೇ ತೆಗೆದುಕೊಳ್ಳಲಿಲ್ಲ. ಆ ಲೋಟ ಹಿಡಿದುಕೊಂಡೇ ಕ್ಲಿನಿಕ್ ಮೆಟ್ಟಿಲು ಹತ್ತಿದೆ.

ಇಲ್ಲಿ ಮೊದಲು ಎಕ್ಸ್-ರೇ. ಹಲ್ಲಿಗೊಂದು, ತುಟಿಗೊಂದು. ತುಟಿಗೆ ಯಾಕೆ ಅಂದರೆ, ಕುಯ್ದ ತುಟಿಯೊಳಗೆ ಹಲ್ಲಿನ ಚೂರು ಹೊಕ್ಕು ಕೂತಿರುವುದೂ ಉಂಟಂತೆ. ನಮ್ಮ ಮಗಳಿಗೆ ಇರಲಿಲ್ಲ. ಟಿ.ಟಿ. ಇಂಜೆಕ್ಷನ್ ಯಾವಾಗ ಆಗಿದೆ ಅಂತಲೂ ವಿಚಾರಿಸಿದರು. ಆಮೇಲೆ ಎಕ್ಸ್-ರೇ ತೋರಿಸುತ್ತಾ ನಿಧಾನವಾಗಿ ವಿವರಿಸಿದರು. ಈ ವಯಸ್ಸಿನಲ್ಲಿ ಬೇರು ಇನ್ನೂ ಬೆಳೆಯುತ್ತಿರುತ್ತದೆ, ತುದಿ ತೆರೆದೇ ಇರುತ್ತದೆ. ನರ ಬದುಕಿದ್ದರೆ ಬೇರು ಉದ್ದವಾಗಿ, ದಪ್ಪವಾಗಿ, ತುದಿ ಮುಚ್ಚಿಕೊಳ್ಳುತ್ತದೆ. ಈಗಲೇ ನರ ತೆಗೆದುಬಿಟ್ಟರೆ ಬೇರು ತೆಳ್ಳಗೇ ನಿಂತುಹೋಗುತ್ತದೆ, ಮುಂದೆ ಸಣ್ಣ ಏಟಿಗೂ ಮುರಿಯಬಹುದು. ಕ್ಯಾಪ್ ಬೇಕಾದರೆ ದೊಡ್ಡವಳಾದ ಮೇಲೆ ನೋಡೋಣ, ಅದಕ್ಕೆ ಸುತ್ತಲೂ ಒಳ್ಳೆ ಹಲ್ಲನ್ನೇ ಉಜ್ಜಿ ಸಣ್ಣ ಮಾಡಬೇಕಾಗುತ್ತದೆ ಅಂದರು. ಇಷ್ಟು ಹೇಳಲು ಹತ್ತು ನಿಮಿಷ ಹಿಡಿಯಿತು, ಆ ಹತ್ತು ನಿಮಿಷದಲ್ಲಿ ನನ್ನ ಭಯ ಅರ್ಧ ಇಳಿದಿತ್ತು.

ಬಲಗಡೆ ಹಲ್ಲು ಮುರಿದ ಜಾಗದಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆ ಕಾಣುತ್ತಿತ್ತು. ಅದೇ ನರ. ಇಂಜೆಕ್ಷನ್ ಕೊಟ್ಟು, ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ, ನರದ ಮೇಲ್ಭಾಗ ಸುಮಾರು 2 ಮಿಲಿಮೀಟರ್ ಮಾತ್ರ ತೆಗೆದರು. ಒದ್ದೆ ಹತ್ತಿ ಒತ್ತಿ ಹಿಡಿದು ರಕ್ತ ನಿಲ್ಲುವುದನ್ನು ಕಾದರು. ಬೇಗ ನಿಂತರೆ ಕೆಳಗಿನ ನರ ಆರೋಗ್ಯವಾಗಿದೆ ಅಂತ ಅರ್ಥವಂತೆ. ಎರಡೇ ನಿಮಿಷಕ್ಕೆ ನಿಂತಿತು. ಅದರ ಮೇಲೆ ಬಯೋಡೆಂಟಿನ್ ಅನ್ನುವ ಸಿಮೆಂಟ್ ಹಾಕಿ ಮುಚ್ಚಿ, ಉಳಿದ ಭಾಗವನ್ನು ಹಲ್ಲಿನ ಬಣ್ಣದ ಕಾಂಪೋಸಿಟ್ ಅನ್ನುವ ಫಿಲ್ಲಿಂಗ್‌ನಿಂದ ಪದರ ಪದರವಾಗಿ ಕಟ್ಟಿದರು. ಬಣ್ಣ ಹೊಂದಿಸಿದ್ದು ಮಾತ್ರ ಎಲ್ಲಕ್ಕಿಂತ ಮೊದಲು, ಹಲ್ಲು ಇನ್ನೂ ಒದ್ದೆ ಇರುವಾಗಲೇ. ಒಣಗಿದ ಹಲ್ಲು ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ, ಆಗ ಬಣ್ಣ ಆರಿಸಿದರೆ ಆಮೇಲೆ ಎದ್ದು ಕಾಣುತ್ತದೆ ಅಂದರು.

ಎಡಗಡೆಯದಕ್ಕೆ ಎಳನೀರಿನ ಲೋಟದ ಚೂರೇ ಬಂತು. ಅದನ್ನು ಚಿಮುಟದಲ್ಲಿ ಹಿಡಿದು ಹಲ್ಲಿನ ಮೇಲಿಟ್ಟು ನನ್ನನ್ನು ಹತ್ತಿರ ಕರೆದು ತೋರಿಸಿದರು. ಒಡೆದ ಬಳೆ ಚೂರು ಸೇರಿಸಿದ ಹಾಗೆ ಸರಿಯಾಗಿ ಕೂತುಕೊಂಡಿತು. ಎರಡೂ ಕಡೆ ನೀಲಿ ಜೆಲ್ ಹಚ್ಚಿ, ತೊಳೆದು, ಅಂಟು ಸವರಿ, ಜೋಡಿಸಿ ನೀಲಿ ಲೈಟ್ ಬಿಟ್ಟರು. ಈ ವಯಸ್ಸಿನ ಮಕ್ಕಳ ಮುಂದಿನ ಹಲ್ಲಿನ ಅಂಚು ಸಣ್ಣ ಗರಗಸದ ಹಾಗೆ ಇರುತ್ತದಲ್ಲ, ಆ ಚೂರಿನಲ್ಲಿ ಆ ಅಂಚು ಹಾಗೇ ಉಳಿದಿತ್ತು. ಬಲಗಡೆ ಹೊಸದಾಗಿ ಕಟ್ಟಿದ ಹಲ್ಲಿಗೂ ಅದೇ ಥರ ಸಣ್ಣ ಹಲ್ಲು ಹಲ್ಲಾಗಿ ಅಂಚು ಮಾಡಿಕೊಟ್ಟರು. ರಾತ್ರಿ ಒಂಬತ್ತಾಗುತ್ತಿತ್ತು. ಯಾರೂ ಗಮನಿಸದ ಕೆಲಸ ಅದು, ಬಿಟ್ಟಿದ್ದರೆ ನಾನೂ ಕೇಳುತ್ತಿರಲಿಲ್ಲ. ಮಗಳು ಕನ್ನಡಿ ನೋಡಿ ‘ಅಮ್ಮ, ಇದು ನನ್ನದೇ ಹಲ್ಲು’ ಅಂದಳು.

ಬಿಲ್ ಹೇಳಿಬಿಡುತ್ತೇನೆ. ಎರಡು ಎಕ್ಸ್-ರೇ 600, ನರದ ಚಿಕಿತ್ಸೆ 3,500, ಚೂರು ಅಂಟಿಸಿದ್ದು 1,500, ಕಾಂಪೋಸಿಟ್ 2,000. ಒಟ್ಟು 7,600 ರೂಪಾಯಿ.

ಎರಡು ವಾರ ಮೆತ್ತಗಿನ ಊಟ ಅಂದಿದ್ದರು. ಅದು ನಮಗೆ ಕಷ್ಟವೇ ಆಗಲಿಲ್ಲ, ಮುದ್ದೆ ನುಂಗೋಕೆ ಹಲ್ಲು ಬೇಡ, ಜೊತೆಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಇದ್ದೇ ಇದೆ. ಕಷ್ಟ ಆಗಿದ್ದು ಸಂಕ್ರಾಂತಿಗೆ. ಮುಂದಿನ ಹಲ್ಲಲ್ಲಿ ಗಟ್ಟಿ ಪದಾರ್ಥ ಕಚ್ಚಬೇಡ ಅಂತ ಎಷ್ಟು ಹೇಳಿದ್ದರೂ ಕಬ್ಬು ಸಿಗಿದಳು, ಎಡಗಡೆ ಚೂರು ಬಿಟ್ಟುಕೊಂಡಿತು. ಈ ಸಲ ಅವಳೇ ಓಡಿಹೋಗಿ ಹಾಲಿನ ಲೋಟಕ್ಕೆ ಹಾಕಿಟ್ಟಿದ್ದಳು. ಮಾರನೇ ದಿನ ಮತ್ತೆ ಅಂಟಿಸಿಕೊಟ್ಟರು, ಅರ್ಧ ದುಡ್ಡು ತೆಗೆದುಕೊಂಡರು. ಅಂಟಿಸಿದ ಚೂರು ಹೀಗೆ ಬಿಟ್ಟುಕೊಳ್ಳಬಹುದು ಅಂತ ಮೊದಲೇ ಹೇಳಿದ್ದರಿಂದ ನನಗೆ ಬೇಜಾರಾಗಲಿಲ್ಲ.

ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ ಅಂತ ಅವರೇ ಫೋನ್ ಮಾಡಿ ಕರೆಸಿದರು. ಪ್ರತಿ ಸಲ ಹತ್ತಿಯಲ್ಲಿ ತಣ್ಣನೆಯದನ್ನು ಹಲ್ಲಿಗೆ ಮುಟ್ಟಿಸಿ ಜುಮ್ ಅನ್ನುತ್ತಾ ಅಂತ ಕೇಳುವುದು, ಬಣ್ಣ ಕಪ್ಪಾಗುತ್ತಿದೆಯಾ ಅಂತ ನೋಡುವುದು. ಹೋದ ವಾರ ಹಳೆಯ ಮತ್ತು ಹೊಸ ಎಕ್ಸ್-ರೇ ಪಕ್ಕಪಕ್ಕ ಇಟ್ಟು ತೋರಿಸಿದರು. ಹೋದ ವರ್ಷ ಕೊಳವೆ ಬಾಯಿ ಹಾಗೆ ತೆರೆದಿದ್ದ ಬೇರಿನ ತುದಿ ಈಗ ಹೆಚ್ಚುಕಡಿಮೆ ಮುಚ್ಚಿದೆ. ನನಗೆ ಅಲ್ಲೇ ಕಣ್ಣು ತುಂಬಿ ಬಂತು.

ಕೊರತೆಗಳೂ ಇವೆ. ಮೊದಲ ಮಹಡಿ, ಮೆಟ್ಟಿಲು ಕಡಿದು, ನಮ್ಮತ್ತೆಯಂಥವರಿಗೆ ಹತ್ತುವುದು ಕಷ್ಟ. ಅಪಾಯಿಂಟ್‌ಮೆಂಟ್ ಇದ್ದರೂ ಎರಡು ಸಲ ಮುಕ್ಕಾಲು ಗಂಟೆ ಕಾದಿದ್ದೇವೆ. ಗಾಡಿ ನಿಲ್ಲಿಸಲು ಜಾಗ ಇಲ್ಲ. ಅಂಟಿಸಿದ ಜಾಗದಲ್ಲಿ ತೀರಾ ಹತ್ತಿರದಿಂದ ನೋಡಿದರೆ ಕೂದಲೆಳೆಯಷ್ಟು ಗೆರೆ ಕಾಣುತ್ತದೆ. ಅದಕ್ಕೆ ಒಂದು ಸ್ಟಾರ್ ಕಡಿಮೆ ಮಾಡಲು ಮನಸ್ಸಿಲ್ಲ.

ಅವತ್ತು ಮೇಡಂ ಹೇಳಿದ ಇನ್ನೊಂದು ವಿಷಯ ಎಲ್ಲ ಅಪ್ಪ ಅಮ್ಮಂದಿರಿಗೂ ಗೊತ್ತಿರಬೇಕು. ಶಾಶ್ವತ ಹಲ್ಲು ಬೇರು ಸಮೇತ ಕಿತ್ತು ಬಂದರೆ ಬೇರು ಮುಟ್ಟಬೇಡಿ, ಉಜ್ಜಬೇಡಿ. ಬಿಳಿ ಭಾಗ ಹಿಡಿದು, ಕೊಳೆ ಇದ್ದರೆ ಹಾಗೇ ನೀರಲ್ಲಿ ಒಂದು ಸಲ ತೊಳೆದು, ಸಾಧ್ಯವಾದರೆ ಅದೇ ಗೂಡಿಗೆ ಕೂರಿಸಿ. ಆಗದಿದ್ದರೆ ಹಾಲಿಗೆ ಹಾಕಿ ಓಡಿ. ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ ಕೂರಿಸಿದರೆ ಉಳಿಯುವ ಆಸೆ ಜಾಸ್ತಿ. ಹಾಲುಹಲ್ಲಾದರೆ ಮಾತ್ರ ವಾಪಸ್ ಕೂರಿಸಬಾರದು, ಕೆಳಗಿರುವ ಹೊಸ ಹಲ್ಲಿಗೆ ತೊಂದರೆಯಾಗುತ್ತದೆ.

ದುಡ್ಡಿಗೆ ಕಷ್ಟ ಇರುವವರು ಅಗಳಕೋಟೆಯ ಸಿದ್ಧಾರ್ಥ ದಂತ ಕಾಲೇಜಿನಲ್ಲೂ ವಿಚಾರಿಸಬಹುದು. ಇಲ್ಲಿಗೇ ಬರುವುದಾದರೆ ಸೋಮವಾರ ಜನ ಜಾಸ್ತಿ, ಫೋನ್ ಮಾಡಿಕೊಂಡೇ ಹೊರಡಿ. ಏಟು ಬಿದ್ದ ಮಗು ಅಂದರೆ ಸರತಿ ಬಿಟ್ಟು ಒಳಗೆ ಕರೆಯುತ್ತಾರೆ.